ಹರಕೆಯಿಲ್ಲದೆ ಬೆಟ್ಟ ಹತ್ತುವವನು

ಸುಂಕದಕಟ್ಟೆಯಲ್ಲಿ ಮಾಗಡಿ ಬಸ್ ಹತ್ತಿದೆ. ನನ್ನ ಬೆನ್ನಿನ ಬ್ಯಾಗು, ಕೈಲಿದ್ದ ಕೋಲು ನೋಡಿ ಪಕ್ಕದ ಸೀಟಿನ ಅಜ್ಜಿ, "ಎಲ್ಲಿಗಪ್ಪಾ?" ಅಂದರು.

"ಸಾವನದುರ್ಗ ಬೆಟ್ಟ ಹತ್ತೋಕೆ ಅಜ್ಜಿ."

"ಏನು ಹರಕೆ?"

"ಹರಕೆ ಏನಿಲ್ಲ. ಸುಮ್ನೆ ಹತ್ತಿ ಇಳೀತೀನಿ."

ಅಜ್ಜಿ ನನ್ನ ಮುಖವನ್ನೇ ನೋಡಿ ದನಿ ತಗ್ಗಿಸಿದರು. "ಹೋಗ್ಲಿ, ಹೇಳ್ಬೇಡ. ಹರಕೆ ಬಾಯ್ಬಿಟ್ಟು ಹೇಳಿದ್ರೆ ಫಲಿಸಲ್ಲ."

ನಾನು ಇಲ್ಲ ಇಲ್ಲ ಅಂದಷ್ಟೂ ಅವರ ನಂಬಿಕೆ ಗಟ್ಟಿಯಾಗುತ್ತಾ ಹೋಯಿತು. ಇಳಿಯುವಾಗ ತಮ್ಮ ಚೀಲದಿಂದ ನಾಲ್ಕು ಸೇವಂತಿಗೆ ತೆಗೆದು ಕೈಗಿಟ್ಟರು. "ಮೇಲಿರೋ ಬಸವಣ್ಣನಿಗೆ ಇಡು. ಎಲ್ಲಾ ಒಳ್ಳೇದಾಗುತ್ತೆ."

ಭಾನುವಾರದ ವ್ಯಾಯಾಮಕ್ಕೆಂದು ಹೊರಟಿದ್ದ ನಾನು ತುದಿಯಲ್ಲಿ ಏದುಸಿರು ಬಿಡುತ್ತಾ ಬಸವಣ್ಣನ ಮುಂದೆ ಬಾಡಿದ ಹೂವಿಟ್ಟೆ. ಅಷ್ಟು ಹೇಳಿದ ಅಜ್ಜಿಯ ಮಾತು ಸುಳ್ಳಾಗಬಾರದಲ್ಲ, ಒಂದು ಹರಕೆಯನ್ನೂ ಹೊತ್ತುಬಿಟ್ಟೆ.

ಏನು ಹರಕೆ ಅಂತ ಮಾತ್ರ ಕೇಳಬೇಡಿ.