ಹಿಂದಕ್ಕೆ ತಿರುಗಿಸಿದ ತಾರೀಕು

ಕನ್ನಡಕದ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಮೂವತ್ತೊಂದು ವರ್ಷದಿಂದ ಸಣ್ಣಪುಟ್ಟ ವ್ಯಾಪಾರಿಗಳ ತೆರಿಗೆ ರಿಟರ್ನ್ ತುಂಬಿಕೊಡುತ್ತಿದ್ದ ಆಕೆಯ ಸ್ವಂತ ಹೆಸರು ಆ ಬೀದಿಯಲ್ಲಿ ಯಾವತ್ತೋ ಅಳಿಸಿಹೋಗಿತ್ತು. ಎಲ್ಲರಿಗೂ ಆಕೆ ರಿಟರ್ನ್ ಅಕ್ಕ. ಇಷ್ಟು ವರ್ಷದಲ್ಲಿ ಒಬ್ಬರದ್ದೂ ಗಡುವು ತಪ್ಪಿಸಿದವಳಲ್ಲ. ಮಗಳ ಹೆರಿಗೆಯ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಯಾರೋ ಬಡಗಿಯ ರಿಟರ್ನ್ ಮುಗಿಸಿದ್ದಳು. ಅದನ್ನು ಆಕೆ ಹೇಳಿಕೊಂಡು ತಿರುಗುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ವಾರಕ್ಕೆ ಎರಡು ಸಲವಾದರೂ ಹೇಳುತ್ತಿದ್ದಳು.

ಕಾಗದದ ಫಾರಂಗಳಿದ್ದ ಕಾಲದಲ್ಲಿ ಆಕೆಗೆ ಬೇಕಾಗಿದ್ದದ್ದು ಒಂದು ಪೆನ್ನು, ಒಂದು ಕಾರ್ಬನ್ ಹಾಳೆ. ಎಲ್ಲವೂ ಆನ್‌ಲೈನ್ ಆದ ಮೇಲೆ ಮೇಜಿನ ಮೇಲೆ ಎರಡು ಕಂಪ್ಯೂಟರ್ ಬಂದು ಕೂತವು. ತೆರಿಗೆ ಇಲಾಖೆಯ ಹೊಸ ಫಾರಂ ಹೊಸ ಕಂಪ್ಯೂಟರಿನಲ್ಲಿ ಮಾತ್ರ ತೆರೆಯುತ್ತದೆ. ಆದರೆ ರಿಟರ್ನಿಗೆ ಸಹಿ ಹಾಕಲು ಅದೇ ಇಲಾಖೆ ಕೊಟ್ಟ ಹೆಬ್ಬೆರಳುದ್ದದ ಸಹಿಕಡ್ಡಿಯನ್ನು ಹೊಸ ಕಂಪ್ಯೂಟರಿಗೆ ಸಿಕ್ಕಿಸಿದರೆ, ‘ಈ ಸಾಧನ ಹೊಂದಿಕೆಯಾಗುವುದಿಲ್ಲ’ ಎಂದು ಮುಖ ತಿರುಗಿಸುತ್ತದೆ. ಅದು ಹಳೆಯದರಲ್ಲೇ ಓಡಬೇಕು. ಹೀಗಾಗಿ ಹೊಸದರಲ್ಲಿ ತುಂಬಿಸಿ, ಪೆನ್‌ಡ್ರೈವ್‌ನಲ್ಲಿ ಹೊತ್ತು ತಂದು, ಹಳೆಯದರಲ್ಲಿ ಸಹಿ ಹಾಕಿ ಕಳಿಸಬೇಕು. ಬಸ್ ಡ್ರೈವರಾಗಿ ನಿವೃತ್ತನಾಗಿದ್ದ ಗಂಡ ಹಳೆಯದಕ್ಕೆ ಅತ್ತೆ, ಹೊಸದಕ್ಕೆ ಸೊಸೆ ಎಂದು ಹೆಸರಿಟ್ಟಿದ್ದ.

“ನಿನ್ನ ಗತಿ ನೋಡು, ಇವರಿಬ್ಬರ ಮಧ್ಯೆ ಪಾತ್ರೆ ಹೊತ್ಕೊಂಡು ಓಡಾಡೋದಾಯ್ತು,” ಎಂದು ನಗುತ್ತಿದ್ದ.

“ನೀವು ಸುಮ್ನೆ ಕೂತ್ಕೊಳ್ರೀ, ನನಗೆ ಮೈಯೆಲ್ಲ ಉರೀತಿದೆ,” ಎನ್ನುತ್ತಿದ್ದಳು ಅಕ್ಕ.

ಇಷ್ಟೇ ಆಗಿದ್ದರೆ ಹೇಗೋ ಹಲ್ಲು ಕಚ್ಚಿಕೊಂಡು ಇರಬಹುದಿತ್ತು. ಆದರೆ ಸಹಿ ಹಾಕುವ ಆ ಪ್ರೋಗ್ರಾಂನ ಅವಧಿ ನಾಲ್ಕು ವರ್ಷದ ಹಿಂದೆಯೇ ಮುಗಿದಿತ್ತು. ಇಲಾಖೆ ಅದನ್ನು ನವೀಕರಿಸಲಿಲ್ಲ, ಬೇರೆಯದನ್ನು ಕೊಡಲೂ ಇಲ್ಲ. ಆಗ ಅಕ್ಕ ತಾನೇ ಒಂದು ದಾರಿ ಕಂಡುಕೊಂಡಳು. ಹಳೆಯ ಕಂಪ್ಯೂಟರಿನ ತಾರೀಕನ್ನು ನಾಲ್ಕು ವರ್ಷ ಹಿಂದಕ್ಕೆ ತಿರುಗಿಸುವುದು. ಪ್ರೋಗ್ರಾಂ ಪಾಪ, ನಂಬಿ ಬಾಗಿಲು ತೆರೆಯುತ್ತದೆ. ತೆರೆದ ಕೂಡಲೇ ತಾರೀಕನ್ನು ಮತ್ತೆ ಇವತ್ತಿಗೆ ತಂದು, ಆಮೇಲೆ ಸಹಿ ಒತ್ತುವುದು. ಇದು ಕಳ್ಳದಾರಿ ಎಂದು ಆಕೆಗೆ ಗೊತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಗಂಡನಿಗೂ ಹೇಳಿರಲಿಲ್ಲ.

ಆ ದಿನ ಹನ್ನೊಂದು ಗಂಟೆಗೆ ಲಾಂಡ್ರಿಯವಳು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ಗಂಡ ತೀರಿಕೊಂಡ ಮೇಲೆ, ಎರಡು ವರ್ಷದ ಹಿಂದೆ, ಎರಡು ಯಂತ್ರ ಹಾಕಿಕೊಂಡು ಲಾಂಡ್ರಿ ಶುರುಮಾಡಿದ್ದಳು. ದೊಡ್ಡಾಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಒಗೆಯುವ ಗುತ್ತಿಗೆಗೆ ಅರ್ಜಿ ಹಾಕಬೇಕಿತ್ತು. ಅವತ್ತು ಸಂಜೆ ಐದೇ ಕೊನೆ. ಅರ್ಜಿಯ ಜೊತೆ ಈ ವರ್ಷದ ರಿಟರ್ನ್ ಸಲ್ಲಿಸಿದ ರಸೀದಿ ಇರಬೇಕು.

“ಅಕ್ಕಾ, ಇದು ಸಿಕ್ಕಿದ್ರೆ ಬದುಕಿಕೊಂಡೆ. ಇಲ್ಲಾಂದ್ರೆ ಬರೋ ತಿಂಗಳು ಯಂತ್ರ ಮಾರ್ಬೇಕು.”

“ಬಿಡೇ, ನಾನಿದ್ದೀನಲ್ಲ. ಊಟದ ಹೊತ್ತಿಗೆ ಕೈಯಲ್ಲಿರುತ್ತೆ,” ಎಂದಳು ಅಕ್ಕ. ಹೀಗೆ ಹೇಳಬಾರದಿತ್ತು.

ಹೊಸ ಕಂಪ್ಯೂಟರು ಮೂರು ಸಲ ಫಾರಂ ತೆರೆದು ಮೂರು ಸಲವೂ ಅರ್ಧಕ್ಕೆ ಕೈಕೊಟ್ಟಿತು. ನಾಲ್ಕನೇ ಸಲ ಜಾಲತಾಣವೇ ತೆರೆಯಲಿಲ್ಲ. ಸಹಾಯವಾಣಿಗೆ ಫೋನ್ ಮಾಡಿದರೆ ಇಪ್ಪತ್ತೈದು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಂದು ದನಿ ಸಿಕ್ಕಿತು.

“ಮೇಡಂ, ಒಂದ್ಸಲ ಆಫ್ ಮಾಡಿ ಆನ್ ಮಾಡಿ.”

“ಮಾಡಿದೀನಪ್ಪ. ನಾಲ್ಕು ಸಲ ಮಾಡಿದೀನಿ.”

“ಹಾಗಾದ್ರೆ ನಮ್ಮ ಜಾಲತಾಣದಲ್ಲಿ ದೂರು ಕೊಡಿ ಮೇಡಂ.”

“ಜಾಲತಾಣಾನೇ ತೆರೀತಿಲ್ಲ ಅಂತ ತಾನೇ ನಿಮಗೆ ಫೋನ್ ಮಾಡಿರೋದು!”

“ಅದನ್ನೂ ದೂರಿನಲ್ಲೇ ಬರೀಬಹುದು ಮೇಡಂ.”

ಅಕ್ಕನ ಪಿತ್ತ ನೆತ್ತಿಗೇರಿತು. ಆದರೆ ಜಗಳಕ್ಕೆ ಹೊತ್ತಿರಲಿಲ್ಲ. ಐದನೇ ಸಲಕ್ಕೆ ಫಾರಂ ತುಂಬಿತು. ಆಗಲೇ ಎರಡೂವರೆ. ಪೆನ್‌ಡ್ರೈವ್ ಕಿತ್ತು ಹಳೆಯದಕ್ಕೆ ಸಿಕ್ಕಿಸಿದಳು, ತಾರೀಕು ಹಿಂದಕ್ಕೆ ತಿರುಗಿಸಿದಳು, ಪ್ರೋಗ್ರಾಂ ತೆರೆಯಿತು. ಪಕ್ಕದಲ್ಲಿ ಲಾಂಡ್ರಿಯವಳು ಗೋಡೆ ಗಡಿಯಾರವನ್ನೇ ನೋಡುತ್ತ ನಿಂತಿದ್ದಳು. ಅಕ್ಕ ಸಹಿ ಒತ್ತಿದಳು. ರಸೀದಿ ಅಚ್ಚಾಗಿ ಬಂತು.

ಲಾಂಡ್ರಿಯವಳು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಆಮೇಲೆ ಓದಿದಳು.

“ಅಕ್ಕಾ, ಇದರಲ್ಲಿ ತಾರೀಕು ಹಳೇದಿದೆಯಲ್ಲ? ಆಗ ನನ್ನ ಲಾಂಡ್ರಿನೇ ಇರ್ಲಿಲ್ಲ.”

ಅಕ್ಕ ರಸೀದಿ ಕಸಿದುಕೊಂಡು ನೋಡಿದಳು. ತಾರೀಕನ್ನು ವಾಪಸು ಇವತ್ತಿಗೆ ತರುವುದನ್ನು ಮರೆತಿದ್ದಳು. ಇನ್ನೂ ಹುಟ್ಟಿರದ ಅಂಗಡಿಯ ರಿಟರ್ನ್ ಈಗ ಸರ್ಕಾರದ ಲೆಕ್ಕಕ್ಕೆ ಸೇರಿಹೋಗಿತ್ತು. ಇನ್ನೊಂದು ಸಲ ಸಲ್ಲಿಸಲು ಹೋದರೆ, ‘ಈಗಾಗಲೇ ಸಲ್ಲಿಸಲಾಗಿದೆ’ ಎಂಬ ಒಂದೇ ಉತ್ತರ. ಜಪ್ಪಯ್ಯ ಎಂದರೂ ಮುಂದೆ ಹೋಗಲೊಲ್ಲದು.

ಮೂವತ್ತೊಂದು ವರ್ಷದ ಜಂಬ ಒಂದೇ ಗಳಿಗೆಯಲ್ಲಿ ಇಳಿಯಿತು. ಯಾರದ್ದೋ ಹೊಟ್ಟೆಪಾಡು ತನ್ನ ಕಳ್ಳದಾರಿಯಿಂದ ಹಾಳಾಯಿತಲ್ಲ ಎಂದು ಆಕೆಗೆ ಅಳುವೇ ಬಂತು. ಅಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, “ನಡಿಯೇ, ಇಲಾಖೆಗೇ ಹೋಗೋಣ. ತಪ್ಪು ನಂದು, ನಾನೇ ಒಪ್ಕೋತೀನಿ,” ಎಂದಳು.

ಇಲಾಖೆಯ ಮೂರನೇ ಮಹಡಿಯಲ್ಲಿ, ಏಳನೇ ಕೌಂಟರಿನ ಹಿಂದೆ ದಪ್ಪ ಕನ್ನಡಕದ ಅಧಿಕಾರಿಯೊಬ್ಬರು ಕೂತಿದ್ದರು. ಸರದಿಯಲ್ಲಿ ನಿಂತು ಅವರ ಮುಂದೆ ಬರುವ ಹೊತ್ತಿಗೆ ನಾಲ್ಕು ಗಂಟೆ ಹತ್ತು ನಿಮಿಷ. ಅಕ್ಕ ರಸೀದಿ ಮುಂದಿಟ್ಟು, ಒಂದನ್ನೂ ಮುಚ್ಚಿಡದೆ ಹೇಳಿದಳು.

“ಸಾರ್, ಕಂಪ್ಯೂಟರ್ ತಾರೀಕು ತಿರುಗಿಸಿದ್ದು ನಾನು. ಈ ಹುಡುಗಿದೇನೂ ತಪ್ಪಿಲ್ಲ. ದಂಡ ಹಾಕೋದಿದ್ರೆ ನನಗೆ ಹಾಕಿ, ನನ್ನ ಪರವಾನಗಿ ಬೇಕಾದ್ರೂ ಕಿತ್ಕೊಳ್ಳಿ. ಇವಳಿಗೆ ಒಂದು ಸರಿಯಾದ ರಸೀದಿ ಕೊಟ್ಟುಬಿಡಿ.”

ಅಧಿಕಾರಿ ಆ ಕಡೆ ಈ ಕಡೆ ನೋಡಿದರು. ದನಿ ತಗ್ಗಿಸಿ ಕೇಳಿದರು, “ಎಷ್ಟು ವರ್ಷ ಹಿಂದಕ್ಕೆ ಹಾಕಿದ್ರಿ?”

“ನಾಲ್ಕು ಸಾರ್.”

“ನಾವಿಲ್ಲಿ ಆರು ಹಾಕ್ಕೊಂಡಿದೀವಿ. ನಾಲ್ಕಕ್ಕೆ ನಮ್ಮದು ತೆರಿಯಲ್ಲ.”

ಅವರು ಮೇಜಿನ ಡ್ರಾಯರ್ ಎಳೆದು ಒಂದು ರಬ್ಬರ್ ಸ್ಟಾಂಪ್ ತೆಗೆದರು, ರಸೀದಿಯ ಮೇಲೆ ಬಲವಾಗಿ ಒತ್ತಿದರು. ‘ಮೇಲ್ಕಂಡ ದಿನಾಂಕವನ್ನು ಇಂದಿನ ದಿನಾಂಕವೆಂದು ಓದಿಕೊಳ್ಳುವುದು.’ ಕೆಳಗೆ ಸಹಿ, ಇವತ್ತಿನ ತಾರೀಕು. ಎಲ್ಲ ಸೇರಿ ಅರ್ಧ ನಿಮಿಷವೂ ಹಿಡಿಯಲಿಲ್ಲ. ಲಾಂಡ್ರಿಯವಳು ಕಾಗದ ಕಸಿದುಕೊಂಡವಳೇ ಮೆಟ್ಟಿಲ ಕಡೆ ಓಡಿದಳು.

ಅಕ್ಕ ಮಾತ್ರ ಅಲ್ಲೇ ನಿಂತು ಆ ಸ್ಟಾಂಪನ್ನು ನೋಡುತ್ತಿದ್ದಳು. ಒತ್ತಿ ಒತ್ತಿ ಅದರ ಅಕ್ಷರಗಳು ಅರ್ಧ ಸವೆದಿದ್ದವು, ಹಿಡಿಯ ಬಣ್ಣ ಪೂರ್ತಿ ಹೋಗಿತ್ತು.

“ಇದು ಎಷ್ಟು ದಿನದಿಂದ ಇದೆ ಸಾರ್?”

“ಇದು ಮೂರನೇದು ಮೇಡಂ. ಮೊದಲಿನ ಎರಡು ಸವೆದುಹೋದ್ವು.”

“ಹಾಗಾದ್ರೆ ಸಹಾಯವಾಣಿಯವರು ಇಲ್ಲಿಗೆ ಬನ್ನಿ ಅಂತ ಹೇಳ್ಬಾರ್ದಾ?”

“ಹೇಗೆ ಹೇಳ್ತಾರೆ? ಪ್ರೋಗ್ರಾಂ ಸರಿಯಾಗೇ ಇದೆ ಅಂತ ನಾವು ಪ್ರತಿ ತಿಂಗಳೂ ಮೇಲಿನವರಿಗೆ ಬರೆದು ಕೊಡ್ತೀವಲ್ಲ.” ಅವರ ಮುಖದಲ್ಲಿ ನಗುವಿರಲಿಲ್ಲ. “ಮುಂದಿನವರು ಬನ್ನಿ.”

ಅಕ್ಕ ಹೊರಬಂದು ಇಲಾಖೆಯ ಮೆಟ್ಟಿಲ ಮೇಲೆ ಕೂತಳು. ಐದಕ್ಕೆ ಆರು ನಿಮಿಷ ಇರುವಾಗ ಫೋನ್ ಬಂತು. “ಅರ್ಜಿ ತಗೊಂಡ್ರು ಅಕ್ಕಾ, ತಗೊಂಡ್ರು!” ಎಂದು ಲಾಂಡ್ರಿಯವಳು ಕೂಗುತ್ತಿದ್ದಳು. ಸಂತೋಷವಾಯಿತು, ಸುಳ್ಳಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ನಾಲ್ಕು ವರ್ಷ ಈ ಊರಿನಲ್ಲಿ ತಾನೊಬ್ಬಳೇ ಕಳ್ಳಿ ಎಂದು ತಲೆ ತಗ್ಗಿಸಿಕೊಂಡು ಸಹಿ ಒತ್ತಿದ್ದಳು. ಅಷ್ಟೂ ದಿನ ತನ್ನ ಹಾಗೇ ಎಷ್ಟು ಜನ, ಎಷ್ಟು ಕೋಣೆಗಳಲ್ಲಿ, ಬಾಗಿಲು ಹಾಕಿಕೊಂಡು ತಾರೀಕು ತಿರುಗಿಸುತ್ತಿದ್ದರೋ. ಒಬ್ಬರಾದರೂ ಬಾಯಿಬಿಟ್ಟು ಹೇಳಿದ್ದರೆ ಆಗುತ್ತಿರಲಿಲ್ಲವೇ ಎಂದುಕೊಂಡಳು. ಮರುಕ್ಷಣವೇ, ತಾನೂ ಹೇಳಿರಲಿಲ್ಲ ಎಂಬುದು ನೆನಪಾಗಿ, ಮಧ್ಯಾಹ್ನದಿಂದ ತಡೆದಿದ್ದ ಅಳು ಅಲ್ಲೇ, ಹೋಗಿಬರುವವರೆಲ್ಲರ ಮುಂದೆಯೇ ಬಂದುಬಿಟ್ಟಿತು.