ಮೂರು ಸಲ ಕೇಳಬೇಕು

ಮಂಡಿ ಆಪರೇಷನ್ ಮುಗಿಸಿ ಮನೆಗೆ ಬಂದ ಮೂರನೆಯ ದಿನ, ಟ್ಯಾಬ್ಲೆಟ್ ಹಿಡಿದ ಹುಡುಗಿಯೊಬ್ಬಳು ಬಂದು ಎದುರಿಗೆ ಕುಳಿತಳು. ಮನೆಗೇ ಬಂದು ನೋಡಿಕೊಳ್ಳುವವರನ್ನು ಕಳಿಸುವ ಆಫೀಸಿನವಳು. "ನಿಮಗೆ ಯಾವುದಕ್ಕೆ ಸಹಾಯ ಬೇಕು?" ಎಂದಳು. ನನ್ನ ಬಾಯಿ ನನ್ನನ್ನು ಒಂದು ಮಾತೂ ಕೇಳದೆ, "ಏನೂ ಬೇಡ, ಹೇಗೋ ಮಾಡಿಕೊಳ್ಳುತ್ತೇನೆ" ಎಂದುಬಿಟ್ಟಿತು. ಅವಳು ಟಿಕ್ ಹಾಕಿಕೊಂಡಳು. ನನಗೆ ಸುಶೀಲಾ ಆಂಟಿ ನೆನಪಾಗಿ ನಗು ಬಂತು. ಮಾತ್ರೆ ಜಾಸ್ತಿಯಾಯಿತೇನೋ ಎಂಬಂತೆ ಹುಡುಗಿ ನೋಡಿದಳು.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಆಗ ನಾನು ಡಾಲಸ್ ಪಕ್ಕದ ಅರ್ವಿಂಗ್‌ನಲ್ಲಿದ್ದೆ; ನಮ್ಮ ಕೆಳಗಿನ ಅಪಾರ್ಟ್‌ಮೆಂಟಿನಲ್ಲಿ ಆಂಟಿ. ಹುಬ್ಬಳ್ಳಿಯವರು. ಗಂಡನ ಜೊತೆ ಬಂದು ವರ್ಷಗಟ್ಟಲೆ ಮಸಾಲೆ ಅಂಗಡಿ ನಡೆಸಿದವರು. ಮಕ್ಕಳಿರಲಿಲ್ಲ, ಗಂಡ ತೀರಿಕೊಂಡಿದ್ದರು. ಅಂಗಡಿಯ ಇಂಗ್ಲಿಷ್ ಅವರಿಗೆ ನೀರು ಕುಡಿದಷ್ಟು ಸಲೀಸು. ಮೈಯ ಕಷ್ಟ ಹೇಳಲು ಮಾತ್ರ ಕನ್ನಡವೇ ಆಗಬೇಕಿತ್ತು. ಬಿದ್ದು ಸೊಂಟ ಮುರಿದುಕೊಂಡ ಮೇಲೆ ಸರ್ಕಾರದ ಕಡೆಯಿಂದ ರೋಸಾ ಎಂಬಾಕೆ ವಾರಕ್ಕೆ ಮೂರು ದಿನ ಬೆಳಿಗ್ಗೆ ಬರುತ್ತಿದ್ದಳು. ಎತ್ತರದ ಟಬ್ಬಿನೊಳಗೆ ಕೈಹಿಡಿದು ಇಳಿಸಿ ಸ್ನಾನ ಮಾಡಿಸುತ್ತಿದ್ದಳು. ಅವಳು ಬಂದ ದಿನ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯ ಘಮ ಮೆಟ್ಟಿಲ ತನಕ.

ಆರು ತಿಂಗಳಿಗೊಮ್ಮೆ ಸರ್ಕಾರದವರು ಬಂದು ಯಾರಿಗೆ ಎಷ್ಟು ಸಹಾಯ ಬೇಕೆಂದು ವಿಚಾರಿಸುವ ಪದ್ಧತಿ. ಪೆಟ್ರೀಷಿಯಾ ಎಂಬ ಅಧಿಕಾರಿ ಬರುವ ದಿನ ದುಭಾಷಿಯಾಗಿ ಹೋದೆ. ನನ್ನ ಕೆಲಸ ಅಲ್ಲೇ ಹತ್ತಿರದ ಲಾಸ್ ಕೊಲಿನಾಸ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್. ದಿನವಿಡೀ ತಪ್ಪು ಹುಡುಕುವವಳಿಗೆ ಕಣ್ಣೆದುರಿನ ತಪ್ಪೇ ಕಾಣಲಿಲ್ಲ ನೋಡಿ.

ಆಂಟಿ ಇಳಕಲ್ ಸೀರೆ ಉಟ್ಟಿದ್ದರು. ಬೆಳಗಿನಿಂದ ಗೋಡೆ ಹಿಡಿದುಕೊಂಡೇ ಮನೆ ಒರೆಸಿ ಚುರುಮುರಿ ಒಗ್ಗರಣೆ ಹಾಕಿದ್ದರು. ಹಿಡಿದು ನಡೆಯುವ ವಾಕರ್ ಎಲ್ಲಿ ಎಂದರೆ, "ಕಪಾಟಿನ್ಯಾಗ ಇಟ್ಟೀನಿ. ಬಂದವ್ರ ಮುಂದ ಅದೇನ್ ಛಂದ ಕಾಣತೈತಿ?" ಎಂದರು. ಪೆಟ್ರೀಷಿಯಾ ಕೂರುವ ಮೊದಲೇ ಚಹಾ ಬಂತು. "ಸ್ನಾನಕ್ಕೆ ಸಹಾಯ ಬೇಕೇ?" ಎಂದು ಆಕೆ ಕೇಳಿದಾಗ ಆಂಟಿ ನಾಚಿ ನಕ್ಕರು. "ಅಯ್ಯ, ಏನೂ ಬ್ಯಾಡ್ರೀ. ಎಲ್ಲಾ ನಾನ ಮಾಡ್ಕೋತೀನಿ."

ನಾನು ಅದನ್ನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ಇಳಿಸಿ, ಶಭಾಷ್ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಎರಡು ವಾರಕ್ಕೆ ಕಾಗದ ಬಂತು. ಇವರು ಚೆನ್ನಾಗಿ ಓಡಾಡಿಕೊಂಡಿದ್ದಾರೆ, ಸ್ನಾನದ ಸಹಾಯ ಅಗತ್ಯವಿಲ್ಲ. ರೋಸಾ ಬರುವುದು ನಿಂತಿತು. ಟಬ್ಬಿಗೆ ಒಬ್ಬರೇ ಇಳಿಯಲು ಆಂಟಿಗೆ ಜೀವಭಯ.

"ತಲೀ ಮ್ಯಾಲ ನೀರ್ ಬಿದ್ದು ಮೂರು ವಾರಾತು ತಂಗಿ" ಎಂದು ಒಂದು ಸಂಜೆ ಕಣ್ಣೊರೆಸಿಕೊಂಡರು. "ನಾನು ಬ್ಯಾಡ ಅಂದೆ, ಖರೆ. ಆದ್ರ ಆಕಿ ಒಂದ ಸಲ ಕೇಳಿ ಬಿಟ್ಟಳಲ್ಲ! ನಮ್ಮ ಕಡೆ ಒಂದ ಸಲ ಕೇಳಿದ್ರ ಯಾರರ ಹೂಂ ಅಂತಾರೇನು?"

ನನಗೆ ನಾಚಿಕೆಯಾಯಿತು. ಹೋಳಿಗೆಗೆ ಎರಡು ಸಲ ಕೈ ಅಡ್ಡ ಹಿಡಿದು ಮೂರನೆಯದಕ್ಕೆ ಎಲೆ ಬಿಟ್ಟುಕೊಡುವ ಜನ ನಾವು. ಅದು ಗೊತ್ತಿದ್ದೂ ಬರಿಯ ಮಾತನ್ನು ದಾಟಿಸಿದ್ದೆ.

ಕಾಗದದ ಕೊನೆಯಲ್ಲಿ ಒಂದು ಸಾಲಿತ್ತು: ಒಪ್ಪಿಗೆಯಿಲ್ಲದಿದ್ದರೆ ಮತ್ತೊಮ್ಮೆ ವಿಚಾರಣೆಗೆ ಕೇಳಬಹುದು. ಕೇಳಿದೆವು. ಒಂದು ವಾರ ರಿಹರ್ಸಲ್ ಮಾಡಿದೆವು. ಪೆಟ್ರೀಷಿಯಾ ಪಾತ್ರ ನನ್ನದು. ಅಳದ ಮಗುವಿಗೆ ತಾಯಿಯೂ ಹಾಲು ಕೊಡಳು ಎಂದೆಲ್ಲ ಉಪದೇಶಿಸಿದೆ. ಆದರೂ "ಬೇಕು" ಎನ್ನುವ ಹೊತ್ತಿಗೆ ಅವರು ಚಹಾ ಮಾಡಲು ಏಳುತ್ತಿದ್ದರು.

ಪೆಟ್ರೀಷಿಯಾ ಮತ್ತೆ ಬಂದಳು. ಈ ಸಲ ವಾಕರ್ ನಡುಮನೆಯಲ್ಲೇ ನಿಂತಿತ್ತು. ಸ್ನಾನದ ಪ್ರಶ್ನೆ ಬಂತು. ಆಂಟಿ, "ಏನೂ ಬ್ಯಾ..." ಎಂದವರು ತಟ್ಟನೆ ನಿಂತು ನನ್ನ ಕಡೆ ತಿರುಗಿದರು. "ಆಕೀಗೆ ಹೇಳು ತಂಗಿ. ನಮ್ಮನ್ನ ಮೂರು ಸಲ ಕೇಳಬೇಕು."

ಹೇಳಿದೆ, ಹೋಳಿಗೆಯ ಕತೆಯನ್ನೂ ಸೇರಿಸಿ. ಪೆಟ್ರೀಷಿಯಾ ಬಿದ್ದು ಬಿದ್ದು ನಕ್ಕಳು. ಆಮೇಲೆ ಪೆನ್ನು ಕೆಳಗಿಟ್ಟು, ನೆಟ್ಟಗೆ ಕುಳಿತು, ಶ್ರದ್ಧೆಯಿಂದ ಕೇಳಿದಳು. ಬ್ಯಾಡ್ರೀ. ಮತ್ತೆ ಕೇಳಿದಳು. ಬ್ಯಾಡ್ರೀ. ಮೂರನೆಯ ಸಲ ಕೇಳಿದಳು.

"ಬೇಕ್ರೀ!" ಎಂದರು ಆಂಟಿ. ಆಮೇಲೆ ಕಟ್ಟೆ ಒಡೆಯಿತು. ಸ್ನಾನಕ್ಕೆ ರೋಸಾನೇ ಬೇಕು, ಬೇರೆ ಯಾರೂ ಬೇಡ. ಪೂಜೆಗೆ ಮುಂಚೆ ಬರಬೇಕು. ಶುಕ್ರವಾರ ತಲೆಗೆ ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಡಬೇಕು. "ಚಹಾ ಮಾತ್ರ ನಾನ ಮಾಡಾಕಿ. ಅದನ್ನ ಯಾರೂ ಮುಟ್ಟಂಗಿಲ್ಲ. ಇದನ್ನೂ ಬರಕೋ ಅನ್ನು." ಪೆಟ್ರೀಷಿಯಾ ಎಲ್ಲವನ್ನೂ ಬರೆದುಕೊಂಡಳು, ಚಹಾವನ್ನೂ. ಆಂಟಿ ಕನ್ನಡಕ ಏರಿಸಿಕೊಂಡು ದೊಡ್ಡದಾಗಿ ಸಹಿ ಹಾಕಿದರು. ಮುಂದಿನ ತಿಂಗಳು ಒಂದು ಶುಕ್ರವಾರ ಮೆಟ್ಟಿಲಿಳಿಯುವಾಗ ಕೊಬ್ಬರಿ ಎಣ್ಣೆಯ ಘಮ ಬಂತು. ಆ ಖುಷಿಯಲ್ಲಿ ಆಫೀಸಿಗೆ ಹೋಗಬೇಕಾದವಳು ಅವರ ಬಾಗಿಲು ತಟ್ಟಿ ಚಹಾಕ್ಕೆ ಕುಳಿತೆ.

ಇಷ್ಟು ಹೊತ್ತಿಗೆ ಈ ಹುಡುಗಿ ಟ್ಯಾಬ್ಲೆಟ್ ಮುಚ್ಚಿ ಎದ್ದಿದ್ದಳು. ಇವಳು ಇನ್ನೆರಡು ಸಲ ಕೇಳುವ ಪೈಕಿಯವಳಲ್ಲ.

"ಒಂದು ನಿಮಿಷ ಇರಮ್ಮ, ಬೇಕು" ಎಂದೆ. "ಸ್ನಾನಕ್ಕೆ ಒಬ್ಬರು ಬೇಕು. ಬೆಳಿಗ್ಗೆಯೇ ಬರಬೇಕು. ತಲೆಗೆ ಎಣ್ಣೆ ಹಚ್ಚಲು ಬೇಸರಪಡಬಾರದು." ಅವಳು ಮತ್ತೆ ಕುಳಿತು ಬರೆದುಕೊಂಡಳು.

"ಕಾಫಿ ಮಾತ್ರ ನಾನೇ ಮಾಡುತ್ತೇನೆ. ನಿನಗೂ ಒಂದು ಲೋಟ ತರಲೇ?"

"ಬೇಡ, ಥ್ಯಾಂಕ್ಸ್" ಎಂದಳು.

ನಾನು ಇನ್ನೂ ಎರಡು ಸಲ ಕೇಳಿದೆ.