ಹುರುಳಿ ಹಾಸಿದ ರಸ್ತೆ

ಮಗಳ ಜೊತೆ ಮಾಡಿಕೊಂಡಿದ್ದ ಡೀಲ್ ಸರಳವಾಗಿತ್ತು. ಹೊತ್ತು ಮುಳುಗುವುದರೊಳಗೆ ನಾನು ಸೈಕಲ್ ತುಳಿದುಕೊಂಡೇ ಕೊರಟಗೆರೆಯ ಮನೆಗೆ ವಾಪಸ್ ಬರಬೇಕು. ನನ್ನನ್ನು ತರಲು ಕಾರು ಹೊರಟಿತೋ, ಸೈಕಲ್ ಮಾರುವುದು. ಹಿಂದಿನ ಚಳಿಗಾಲದಲ್ಲಿ ಎರಡು ಸಲ ಅವಳು ಕೆಲಸ ಬಿಟ್ಟು ಬಂದು ನನ್ನನ್ನು ದಾರಿಯಿಂದ ಹೆಕ್ಕಿ ತಂದಿದ್ದಳು. ಅರವತ್ತೇಳರ ಅಮ್ಮನ ಮೇಲೆ ಅವಳಿಗೆ ಸಿಟ್ಟಿಗಿಂತ ದಿಗಿಲು ಹೆಚ್ಚು. ಅದು ನನಗೂ ಗೊತ್ತು. ಆದರೆ ರಿಟೈರ್ ಆದಮೇಲೆ ನನ್ನ ಕಾಲಿಗೆ ಏನಾಗಿದೆಯೋ, ಕುರ್ಚಿಯಲ್ಲಿ ಕೂತರೂ ನೆಲದ ಮೇಲೆ ತಾಳ ಹಾಕುತ್ತಿರುತ್ತದೆ. ಕಾನ್ವೆಂಟಿನಲ್ಲಿ ಸಿಸ್ಟರ್ ನನ್ನ ರಿಪೋರ್ಟ್ ಕಾರ್ಡಿನಲ್ಲಿ ‘ರೆಸ್ಟ್‌ಲೆಸ್’ ಎಂದು ಬರೆದಿದ್ದರು. ಅಪ್ಪ ಅರ್ಥ ಕೇಳಿದಾಗ ‘ಚುರುಕು’ ಎಂದು ಹೇಳಿ ಪಾರಾಗಿದ್ದೆ.

ಆ ಭಾನುವಾರ ನಸುಕಿನಲ್ಲೇ ಹೊರಟು, ಮಧುಗಿರಿ, ಬಡವನಹಳ್ಳಿ ದಾಟಿ ಸಿರಾ ಮುಟ್ಟಿ, ಎರಡು ಇಡ್ಲಿ ತಿಂದು ಹಿಂದಿರುಗಿದ್ದೆ. ಬೆಳಿಗ್ಗೆ ಚಳಿಗೆ ಮರಗಟ್ಟಿದ್ದ ಬೆರಳುಗಳು ಬಿಸಿಲಿಗೆ ಸಡಿಲವಾಗಿದ್ದವು. ಮುಂದಿನ ತಿಂಗಳು ಪಾವಗಡಕ್ಕೆ ಹೋಗಬೇಕು ಎಂಬ ಯೋಚನೆ ಆಗಲೇ ತಲೆಯಲ್ಲಿ ಸುತ್ತುತ್ತಿತ್ತು.

ಬಡವನಹಳ್ಳಿ ಇನ್ನೂ ಮುಂದಿರುವಾಗಲೇ ರಸ್ತೆಯ ತುಂಬ ಹುರುಳಿ ಗಿಡ ಹಾಸಿದ್ದರು. ಈ ಸೀಮೆಯಲ್ಲಿ ಚಳಿಗಾಲ ಬಂತೆಂದರೆ ಟಾರು ರಸ್ತೆಯೇ ಕಣ. ಬಸ್ಸು, ಲಾರಿಗಳ ಚಕ್ರಗಳೇ ಒಕ್ಕಣೆ ಮಾಡಿಕೊಡುತ್ತವೆ. ನಡುವೆ ಎಲ್ಲ ಜಜ್ಜಿ ಹೊಟ್ಟಾಗಿ, ಕಾಳು ಹೊಳೆಯುತ್ತಿತ್ತು. ಅಂಚಿನಲ್ಲಿ ಆಗಷ್ಟೇ ಹರಡಿದ ಉದ್ದುದ್ದ ಬಳ್ಳಿ. ಇನ್ನೊಬ್ಬರ ಊಟದ ಕಾಳಿನ ಮೇಲೆ ಚಕ್ರ ಹಾಯಿಸುವುದು ಬ್ಯಾಡ್ ಮ್ಯಾನರ್ಸ್ ಎನಿಸಿ ನಾನು ಅಂಚಿಗೆ ಸರಿದೆ. ಹತ್ತು ಮಾರು ಹೋಗಿರಲಿಲ್ಲ, ಹಿಂದಿನ ಚಕ್ರ ಕಟಕಟನೆ ಸದ್ದು ಮಾಡಿ ನಿಂತೇಬಿಟ್ಟಿತು. ಬಳ್ಳಿ ಚೈನಿಗೆ ಹೆಣೆದುಕೊಂಡು, ಗೇರ್ ಬದಲಿಸುವ ಪುಟ್ಟ ತೋಳನ್ನು ಎಳೆದೊಯ್ದು ಚಕ್ರದ ಕಡ್ಡಿಗಳ ನಡುವೆ ಸಿಕ್ಕಿಸಿತ್ತು. ತೋಳು ಬುಡದಲ್ಲೇ ಮುರಿದಿತ್ತು.

ಹುರುಳಿ ಮಗುಚುತ್ತಿದ್ದ ಹೆಂಗಸು ಕೈಯಲ್ಲಿದ್ದ ಕೋಲು ಬಿಟ್ಟು ಓಡಿ ಬಂದಳು.

“ಅಲ್ಲ ಕಣಮ್ಮ, ಅಷ್ಟಗಲ ಮದ್ಯ ಬುಟ್ಟು ಪಕ್ಕಕ್ಕೆ ಯಾಕ್ ಬಂದೆ?”

“ನಿಮ್ಮ ಕಾಳು ತುಳಿಯಬಾರದು ಅಂತ.”

ಅವಳು ನನ್ನನ್ನೇ ಒಂದು ಗಳಿಗೆ ನೋಡಿದಳು. “ತುಳೀಲಿ ಅಂತ್ಲೇ ರೋಡಿಗೆ ಆಕಿರಾದು. ಇಲ್ದಿದ್ರೆ ಮನೇಲಿ ಮಡಿಕ್ಕಂಡು ಪೂಜೆ ಮಾಡ್ತಿರ್ಲಿಲ್ವಾ?”

ನಗಬೇಕೆನಿಸಿದರೂ ಆಗಲಿಲ್ಲ. ಗಂಟೆ ಒಂದು ದಾಟಿತ್ತು. ನನ್ನ ಚೀಲದಲ್ಲಿ ಪಂಕ್ಚರ್ ಹಾಕುವ ಸಾಮಾನು ಬಿಟ್ಟರೆ ಏನೂ ಇರಲಿಲ್ಲ. ಫೋನ್ ಕೈಗೆತ್ತಿಕೊಂಡೆ, ಜೇಬಿಗಿಟ್ಟೆ, ಮತ್ತೆ ತೆಗೆದೆ. ಅವಳು ಕುಡುಗೋಲಿನ ತುದಿಯಿಂದ ಬಳ್ಳಿ ಕೊಯ್ದು ತೆಗೆಯುವಷ್ಟರಲ್ಲಿ ರಸ್ತೆಯ ಆ ತುದಿಗೂ ಈ ತುದಿಗೂ ಎಷ್ಟು ಸಲ ಓಡಾಡಿದೆನೋ.

“ಒಂದ್ಕಡೆ ಕೂತ್ಕಳಮ್ಮ, ಕಣ್ಣಿಗೆ ಕತ್ಲೆ ಬತ್ತೈತೆ ನಿನ್ನ ನೋಡಿ,” ಎಂದಳು.

ಅಷ್ಟರಲ್ಲಿ ಅವಳ ಮಾವ ಬಂದ. ನನ್ನ ವಯಸ್ಸಿನವನೇ ಇರಬೇಕು. ಜೋತುಬಿದ್ದ ತೋಳನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

“ಈ ಬಾಲ ಯಾಕೆ ಬೇಕು ಇದಕ್ಕೆ? ನಾನು ಕ್ಯಾರಿಯರ್ ಮ್ಯಾಲೆ ಎಲ್ಡು ಕುರಿ ಕಟ್ಕಂಡು ಸಿರಾ ಸಂತೆಗೆ ಓಗ್ತಿದ್ದೆ. ಅವಾಗ ಯಾವ ಬಾಲಾನೂ ಇರ್ಲಿಲ್ಲ.”

“ಚೈನ್ ಕತ್ತರಿಸಿ ಚಿಕ್ಕದು ಮಾಡಿದರೆ ಒಂದೇ ಗೇರಿನಲ್ಲಿ ಹೋಗಬಹುದು. ಆದರೆ ಟೂಲ್ ಇಲ್ಲ.”

“ಟೂಲಂತೆ,” ಎಂದವನು ಸೊಸೆಯತ್ತ ತಿರುಗಿದ. “ಓಗಮ್ಮ, ಟ್ಯಾಕ್ಟ್ರು ಡಬ್ಬದಾಗಿಂದ ಸುತ್ತಿಗೆ, ಒಂದು ಮೊಳೆ, ಒಂದು ನಟ್ಟು ತಕಂಬಾ.”

ಮೊಳೆಯ ಚೂಪನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿದ. ಚೈನಿನ ಕೊಂಡಿಯನ್ನು ನಟ್ಟಿನ ತೂತಿನ ಮೇಲಿಟ್ಟು, ಒಳಗಿನ ಪಿನ್ ತೂತಿಗೆ ಇಳಿಯುವಂತೆ ಮೊಳೆಯಿಂದ ಹೊಡೆದ. ನಾನು ಆತುರಕ್ಕೆ ಇನ್ನೊಂದೇಟು ಹಾಕಿ ಎಂದೆ.

“ಪೂರ್ತಿ ಆಚಿಗೆ ಬಂದ್ಬುಟ್ರೆ ತಿರ್ಗಾ ಒಳಿಕ್ಕೆ ಓಗಾಕಿಲ್ಲ ಕಣಮ್ಮ. ತುದೀಲಿ ಕಚ್ಕಂಡಿರ್ಬೇಕು. ಸುಮ್ನಿರು.”

ಸುಮ್ಮನಿದ್ದೆ. ನನಗೆ ಅದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಚೈನನ್ನು ಹಿಂದಿನ ಯಾವ ಹಲ್ಲುಚಕ್ರಕ್ಕೆ ಕೂರಿಸಲಿ ಎಂದು ಅವನು ಕೇಳಿದಾಗ ಮಧುಗಿರಿಯಿಂದಾಚೆಯ ಏರುಗಳನ್ನು ನೆನೆದು ನಡುವಿನದನ್ನು ತೋರಿಸಿದೆ. ಹೆಚ್ಚಾದ ಕೊಂಡಿಗಳನ್ನು ಕಳಚಿ, ತುದಿಗಳನ್ನು ಕೂಡಿಸಿ, ಪಿನ್ ಮತ್ತೆ ಒಳಗೆ ಹೋಗಿ ಕೂತಾಗ ಎರಡೂವರೆ. ಚೈನ್ ಸ್ವಲ್ಪ ಸಡಿಲವೇ ಉಳಿಯಿತು. “ಜೋರಾಗಿ ತುಳೀಬ್ಯಾಡ, ನಿಂತ್ಕಂಡು ತುಳೀಬ್ಯಾಡ, ಮದ್ಯ ಓಗು,” ಎಂದು ಮೂರು ಮಾತು ಹೇಳಿ ಅವನು ಹುರುಳಿಯ ಕಡೆ ನಡೆದ. ಈ ಸಲ ಕಾಳಿನ ಮೇಲೆಯೇ ಹೋದೆ.

ಸಮತಟ್ಟಿನಲ್ಲಿ ಪರವಾಗಿರಲಿಲ್ಲ. ಏರು ಬಂದರೆ ಚೈನ್ ಕಟ್ ಎಂದು ಜಾರುತ್ತಿತ್ತು. ಇಳಿದು ತಳ್ಳುತ್ತಿದ್ದೆ, ಹತ್ತುತ್ತಿದ್ದೆ. ಮಧುಗಿರಿಯಲ್ಲಿ ನೀರಿಗೂ ನಿಲ್ಲಲಿಲ್ಲ. ಬಂಡೆಬೆಟ್ಟದ ನೆರಳು ಊರಿನ ಮೇಲೆ ಚಾಚಿಕೊಂಡಿತ್ತು, ನಾನು ಅದರ ಜೊತೆ ಪೈಪೋಟಿಗೆ ಬಿದ್ದವಳಂತೆ ತುಳಿದೆ. ಮಗಳ ಎರಡು ಕಾಲ್ ಬಂದವು, ತೆಗೆಯಲಿಲ್ಲ.

ಮೂರನೆಯದನ್ನು ತೆಗೆದಾಗ ಸೂರ್ಯ ಗುಡ್ಡದ ಹಿಂದೆ ಸರಿದಿದ್ದ. ಕೊರಟಗೆರೆ ಇನ್ನೂ ಆರು ಕಿಲೋಮೀಟರ್.

“ಎಲ್ಲಿದ್ದೀಯ ಮಮ್ಮಿ?”

ಊರ ಬಾಗಿಲಿಗೆ ಬಂದೆ ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಎಲ್ಲವನ್ನೂ ಹೇಳಿಬಿಟ್ಟೆ: ಹುರುಳಿ, ಮುರಿದ ಗೇರ್, ಮೊಳೆಯ ರಿಪೇರಿ, ಉಳಿದ ದೂರ, ಡೀಲಿನಲ್ಲಿ ನಾನು ಸೋತದ್ದು.

ಆ ಕಡೆ ಅವಳು ಕಾರಿನ ಬಾಗಿಲು ತೆರೆದ ಸದ್ದು ಕೇಳಿಸಿತು. ನಾನು ಕಣ್ಣು ಮುಚ್ಚಿಕೊಂಡೆ.

“ಮಧ್ಯಾಹ್ನದಿಂದ ಹೀಗೇ ಬರ್ತಿದ್ದೀಯಾ? ಫೋನ್ ಮಾಡದೆ?”

“ಹೂಂ.”

 ಕಾರಿನ ಬಾಗಿಲು ಮತ್ತೆ ಮುಚ್ಚಿದ ಸದ್ದು.

“ಲೈಟ್ ಹಾಕ್ಕೊಂಡು ಬಾ. ಲಾರಿ ಬಂದರೆ ಇಳಿದು ನಿಲ್ಲು. ನಾನು ಕಾರು ತೆಗೆಯಲ್ಲ, ಒಳಗೆ ಹೋಗಿ ಅನ್ನಕ್ಕಿಡ್ತೀನಿ.”

ನಾನು ‘ಥ್ಯಾಂಕ್ ಯು’ ಎಂದೆ, ಅಪರಿಚಿತರಿಗೆ ಹೇಳುವಂತೆ. ಅವಳು ಅದಕ್ಕೆ ರೇಗಿ ಫೋನ್ ಇಟ್ಟಳು. ನಾನು ಲೈಟ್ ಹಾಕಿ, ಪೆಡಲಿನ ಮೇಲೆ ನಿಧಾನವಾಗಿ ಭಾರ ಬಿಟ್ಟೆ.